ಕಾರಾ-ತೋರ್‌ಗೆ ಹೋಗಬೇಕಾಗಿದ್ದ ಬೋರ್ಡುಗಳು

ಮೇ ರಜೆ ಮುಗಿಸಿಕೊಂಡು ಮೀರಿಮ್ ಕಾರ್ಯಾಗಾರಕ್ಕೆ ಬಂದ ಬೆಳಿಗ್ಗೆ, ಅವಳ ಮೇಜಿನ ಮೇಲಿನ ಸರ್ಕ್ಯೂಟ್ ಬೋರ್ಡು ಕಂಪ್ಯೂಟರಿನ ಜೊತೆ ಮಾತು ಬಿಟ್ಟಿತ್ತು.

ಬೋರ್ಡು ಸತ್ತಿರಲಿಲ್ಲ. ಹಸಿರು ದೀಪ ಎಂದಿನಂತೆ ಮಿನುಗುತ್ತಿತ್ತು. ಪಕ್ಕದ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದ ನಳಿಕೆ ನೀರಿನ ಮಟ್ಟವನ್ನು ಅಳೆದು ಕಳಿಸುತ್ತಲೇ ಇತ್ತು. ಆದರೆ ಡೀಬಗರ್ ಸಿಕ್ಕಿಸಿದರೆ ಮಾತ್ರ ಪರದೆಯ ಮೇಲೆ ಒಂದೇ ಸಾಲು ಮೂಡುತ್ತಿತ್ತು: 'ಸಾಧನ ಸಿಗಲಿಲ್ಲ.' ಚಿಪ್‌ನ ಒಳಗೆ ಏನು ನಡೆಯುತ್ತಿದೆ ಎಂದು ಇಣುಕಿ ನೋಡುವುದಕ್ಕೂ ತಪ್ಪಿದ್ದರೆ ತಿದ್ದುವುದಕ್ಕೂ ಇರುವುದು ಬೆರಳುದ್ದದ ಆ ಪೆಟ್ಟಿಗೆಯೊಂದೇ. ಅದಕ್ಕೆ ದಾರಿ ಸಿಗದಿದ್ದರೆ ಬೋರ್ಡು ಒಳಗಿನಿಂದ ಚಿಲಕ ಹಾಕಿಕೊಂಡ ಮನೆಯ ಹಾಗೆ. ಒಳಗೆ ಜನರಿದ್ದಾರೆ, ದೀಪ ಉರಿಯುತ್ತಿದೆ, ಬಾಗಿಲು ಬಡಿದರೆ ಯಾರೂ ಓಗೊಡುವುದಿಲ್ಲ.

ಮೀರಿಮ್‌ಗೆ ಮೊದಲು ಗಾಬರಿಯಾಗಲಿಲ್ಲ. ಇಂಥ ತಕರಾರು ಈ ಕಸುಬಿನಲ್ಲಿ ಹೊಸದಲ್ಲ, ಹತ್ತಕ್ಕೆ ಒಂಬತ್ತು ಸಲ ಕೇಬಲ್ಲಿನದೇ ತಪ್ಪು. ಕೇಬಲ್ ಬದಲಿಸಿದಳು. ಡೀಬಗರ್ ಬದಲಿಸಿದಳು. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದಳು. ಮೀಟರ್ ಹಿಡಿದು ವಿದ್ಯುತ್ ಸರಿಯಾಗಿ ಬರುತ್ತಿದೆಯೇ ಎಂದು ನೋಡಿದಳು, ಬರುತ್ತಿತ್ತು. ಮಾತಿನ ವೇಗ ತಗ್ಗಿಸಿ ಮೆಲ್ಲಗೆ ಕೇಳಿದಳು. ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು, ಬಿಡುವ ಕ್ಷಣಕ್ಕೇ ಒಳಗೆ ನುಗ್ಗಲು ನೋಡಿದಳು. ನಿದ್ದೆಗೆ ಜಾರಿದ ಚಿಪ್ ಆದರೆ ಈ ಉಪಾಯಕ್ಕೆ ಎಚ್ಚರವಾಗಲೇಬೇಕು. 'ಸಾಧನ ಸಿಗಲಿಲ್ಲ' ಎಂದಿತು ಪರದೆ.

ರಜೆಗೆ ಮುಂಚೆ ಇದೇ ಬೋರ್ಡು, ಇದೇ ಕೇಬಲ್, ಇದೇ ಮೇಜು. ಆಗ ಎಲ್ಲವೂ ಸರಿಯಿತ್ತು. ಬೋರ್ಡನ್ನು ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಇಟ್ಟಿದ್ದಳು. ಈಗ ಅದು ಗೋಡೆಯ ಕಡೆಗೆ ತಿರುಗಿತ್ತು. ಯಾರೋ ಮುಟ್ಟಿದ್ದಾರೆ ಎನ್ನುವುದು ಅವಳಿಗೆ ಖಾತ್ರಿಯಾಯಿತು.

ಬಿಷ್ಕೆಕ್‌ನ ಹಳೆಯ ಕಾರ್ಖಾನೆಯೊಂದರ ಮೂರನೆಯ ಮಹಡಿಯಲ್ಲಿ ಅವರದು ನಾಲ್ಕೇ ಜನರ ಸಂಸಾರ. ಯಜಮಾನ ಕುಬಾತ್. ಚಿಪ್‌ಗಳಿಗೆ ಬುದ್ಧಿ ಬರೆಯುವ ಮೀರಿಮ್. ಬೋರ್ಡುಗಳ ವಿನ್ಯಾಸ ಮಾಡಿ ಬೆಸುಗೆ ಹಾಕುವ, ತಾತಾರ ಜನಾಂಗದ ಇಲ್ದುಸ್. ಬೋರ್ಡುಗಳಿಗೆ ಪ್ರೋಗ್ರಾಮ್ ತುಂಬಿ, ಡಬ್ಬಿಯಲ್ಲಿ ಕೂರಿಸಿ, ಎಲ್ಲರಿಗೂ ಚಹಾ ಕುದಿಸುವ ಸೋನುನ್ ಅಕ್ಕ. ಕಾರಾ-ತೋರ್ ಕಣಿವೆಯ ನೆತ್ತಿಯಲ್ಲಿ ಹಿಮನದಿಯ ಬುಡಕ್ಕೆ ಒಂದು ಕೆರೆ ಇದೆ. ಬೇಸಿಗೆಯಲ್ಲಿ ಅದು ತುಂಬಿ ಒಡೆದರೆ ಕೆಳಗಿನ ಹಳ್ಳಿಗೆ ಮಣ್ಣುನೀರು ನುಗ್ಗುತ್ತದೆ. ಜೂನ್ ಮೊದಲ ವಾರದೊಳಗೆ ಆ ಕೆರೆಯ ದಂಡೆಯಲ್ಲಿ ಇವರ ಎಚ್ಚರಿಕೆ ಸಾಧನಗಳು ಕೂರಬೇಕಾಗಿತ್ತು. ಅವುಗಳಲ್ಲಿ ಒಂದು ದೋಷ ಉಳಿದಿತ್ತು: ಬ್ಯಾಟರಿ ಉಳಿಸಲು ಸಾಧನ ನಿದ್ದೆ ಮಾಡುತ್ತದೆ, ಮತ್ತೆ ಎದ್ದು ಅಳೆಯುತ್ತದೆ. ಕೊರೆಯುವ ಚಳಿಯಲ್ಲಿ ಕೆಲವೊಮ್ಮೆ ಏಳುತ್ತಲೇ ಇರಲಿಲ್ಲ. ಮೀರಿಮ್ ತಿದ್ದಬೇಕಾಗಿದ್ದದ್ದು ಅದನ್ನೇ.

ಕೆಳಗಿಳಿದು ಕಾವಲುಗಾರ ಒಮುರ್‌ಬೆಕ್ ತಾತನನ್ನು ಕೇಳಿದಳು, ರಜೆಯಲ್ಲಿ ಯಾರಾದರೂ ಬಂದಿದ್ದರೇ ಎಂದು. ತಾತ ಚಹಾದ ಬಟ್ಟಲನ್ನು ಕೆಳಗಿಡದೆಯೇ ಹೇಳಿದ.

"ನಿಮ್ಮ ತಾತಾರ ಬಂದಿದ್ದ. ಮೇಲೆ ಹೋಗಿ ಸುಮಾರು ಹೊತ್ತು ಇದ್ದ. ರಜೆ ದಿನ ಏನಪ್ಪಾ ಕೆಲಸ ಅಂದ್ರೆ, ಮನೇಲಿ ಅಮ್ಮ ಕಿಟಕಿ ತೊಳೆಸ್ತಾಳೆ ತಾತ, ಇಲ್ಲೇ ವಾಸಿ ಅಂದ."

ಮೀರಿಮ್ ಮೆಟ್ಟಿಲು ಹತ್ತುವಾಗ ಆ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಇಲ್ದುಸ್ ಮೊದಲು ಗಡಿಯಾಚೆಯ ಅಲ್ಮಾತಿಯ ಒಂದು ಕಂಪನಿಯಲ್ಲಿದ್ದವನು. ಈ ವಸಂತದಲ್ಲಿ ಅದೇ ಕಂಪನಿ ಒಂದು ಪ್ರದರ್ಶನದಲ್ಲಿ ಕೆರೆಯ ಮಟ್ಟ ಅಳೆಯುವ ಸಾಧನವನ್ನು ತೋರಿಸಿತ್ತು. ಡಬ್ಬಿಯ ಆಕಾರದಿಂದ ಹಿಡಿದು ನಳಿಕೆಯ ಬಾಗಿನವರೆಗೆ ತಮ್ಮದರ ಹಾಗೇ ಇದೆ ಎಂದು ನೋಡಿಕೊಂಡು ಬಂದ ಕುಬಾತ್, ಅಂದಿನಿಂದ ಮಾತು ಕಡಿಮೆ ಮಾಡಿದ್ದ. ಚಿಪ್‌ಗಳ ಕಪಾಟಿಗೆ ಬೀಗ ಬಂದಿತ್ತು. ಇಲ್ದುಸ್‌ಗೆ ಫೋನ್ ಬಂದರೆ ಅವನು ಮೆಟ್ಟಿಲ ಕಡೆಗೆ ಎದ್ದು ಹೋಗುತ್ತಿದ್ದ. ಹಿಂದೆಯೂ ಹಾಗೇ ಹೋಗುತ್ತಿದ್ದನೋ ಏನೋ, ಯಾರೂ ಗಮನಿಸಿರಲಿಲ್ಲ. ಈಗ ಎಲ್ಲರೂ ಗಮನಿಸುತ್ತಿದ್ದರು.

ಅವನು ಬಂದಾಗ ಮೀರಿಮ್ ಏನನ್ನೂ ಕೇಳಲಿಲ್ಲ. ಬೋರ್ಡಿಗೆ ಹೀಗಾಗಿದೆ ಎಂದಷ್ಟೇ ಹೇಳಿ ಅವನ ಮುಖ ನೋಡುತ್ತ ನಿಂತಳು. ಇಲ್ದುಸ್ ಕುರ್ಚಿ ಎಳೆದುಕೊಂಡು ಅವಳು ಮಾಡಿದ್ದನ್ನೆಲ್ಲ ಮತ್ತೊಮ್ಮೆ ಮಾಡಿದ. ಭೂತಗನ್ನಡಿ ಹಿಡಿದು ಚಿಪ್‌ನ ಕಾಲುಗಳನ್ನು ಒಂದೊಂದಾಗಿ ನೋಡಿದ. ಬೆಸುಗೆ ಎಲ್ಲೂ ಬಿಟ್ಟಿರಲಿಲ್ಲ. ಡೀಬಗರ್‌ಗೆ ಹೋಗುವ ಎರಡು ತಂತಿಗಳನ್ನು ಆಸಿಲೋಸ್ಕೋಪಿಗೆ ಕೊಟ್ಟ. ಈ ಕಡೆಯಿಂದ ಪ್ರಶ್ನೆ ಹೋಗುವುದು ಅಲೆಅಲೆಯಾಗಿ ಕಾಣಿಸಿತು. ಆ ಕಡೆಯಿಂದ ಉತ್ತರವಿರಲಿಲ್ಲ, ಗೆರೆ ಸಪಾಟಾಗಿತ್ತು.

"ಇದು ಕೇಬಲ್ ಅಲ್ಲ, ಬೆಸುಗೇನೂ ಅಲ್ಲ," ಎಂದ ಅವನು. "ಯಾರೋ ಚಿಪ್‌ಗೆ ಬೀಗ ಹಾಕಿರಬೇಕು."

ಚಿಪ್‌ನ ಒಳಗಿನ ಪ್ರೋಗ್ರಾಮನ್ನು ಬೇರೆಯವರು ಕದ್ದು ಓದದಂತೆ ಬೀಗ ಹಾಕುವ ವ್ಯವಸ್ಥೆ ಇರುವುದು ಮೀರಿಮ್‌ಗೂ ಗೊತ್ತಿತ್ತು. ಆದರೆ ಅವರ ಕಾರ್ಯಾಗಾರದಲ್ಲಿ ಅದನ್ನು ಯಾರೂ ಬಳಸಿರಲಿಲ್ಲ. ತನಗೆ ಹೊಳೆಯದ ಮಾತು ಇವನಿಗೆ ಇಷ್ಟು ಬೇಗ ಹೇಗೆ ಹೊಳೆಯಿತು ಎಂಬ ಪ್ರಶ್ನೆ ಅವಳ ತಲೆಯೊಳಗೆ ಹೊಕ್ಕಿತು. ಒಮ್ಮೆ ಹೊಕ್ಕಿದ್ದು ಹೊರಗೆ ಹೋಗಲಿಲ್ಲ. ಅವನು ಸಹಾಯಕ್ಕೆ ಕೂತದ್ದೂ, ಭೂತಗನ್ನಡಿ ಹಿಡಿದದ್ದೂ, ಎಲ್ಲವೂ ನಾಟಕದ ಹಾಗೆ ಕಾಣತೊಡಗಿತು.

ಮಧ್ಯಾಹ್ನ ಇಲ್ದುಸ್ ಊಟಕ್ಕೆ ಮಾಂಸದ ಸಂಸಾ ತರಲು ಬೀದಿಗೆ ಇಳಿದಾಗ ಅವಳು ಅವನ ಮೇಜಿನ ಡ್ರಾಯರ್ ಎಳೆದಳು. ಒಳಗೆ ಸವೆದ ಬೆಸುಗೆ ಮೊನೆಗಳಿದ್ದವು, ಕುರುತ್ ಎಂಬ ಒಣಮೊಸರಿನ ಉಪ್ಪುಂಡೆಗಳ ಒಂದು ಪೊಟ್ಟಣವಿತ್ತು. ಅದರಾಚೆ ಏನೂ ಇರಲಿಲ್ಲ. ತಲೆ ಎತ್ತಿದರೆ ಸೋನುನ್ ಅಕ್ಕ ಬಾಗಿಲಲ್ಲಿ ಕೆಟಲ್ ಹಿಡಿದು ನಿಂತಿದ್ದಳು. ಮೀರಿಮ್ ಅವಸರದಲ್ಲಿ ಡ್ರಾಯರನ್ನು ಅರ್ಧಕ್ಕೇ ತಳ್ಳಿದಳು.

"ಹುಡುಕು ಹುಡುಕು," ಎಂದಳು ಸೋನುನ್ ತಣ್ಣಗೆ. "ಆಮೇಲೆ ನನ್ನ ಡ್ರಾಯರೂ ನೋಡ್ಬಿಡು. ಹೆಣಿಗೆ ಕಡ್ಡಿ ಇದೆ, ಅದರಲ್ಲಿ ಏನೇನು ಚುಚ್ಚಬಹುದೋ."

ಸಂಜೆಯಾಗುವುದರೊಳಗೆ ವಿಷಯ ಕುಬಾತ್‌ನ ಕಿವಿಗೆ ಬಿದ್ದಿತ್ತು. ಹೇಳಿದವಳು ಮೀರಿಮ್. ಬೋರ್ಡಿನ ಸುದ್ದಿಯ ಜೊತೆ ಕಾವಲುಗಾರನ ಮಾತನ್ನೂ ಸೇರಿಸಿ ಹೇಳಿದ್ದಳು. ಕುಬಾತ್ ಕೇಳಿಕೊಂಡ. ಮೊದಲು ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಇಲ್ದುಸ್ ಹೆಸರು ಬಂದ ಮೇಲೆ ಅವನ ಮುಖ ಗಟ್ಟಿಯಾಯಿತು. ಮರುದಿನ ಬೆಳಿಗ್ಗೆ ಎಲ್ಲರೆದುರೇ ಇಲ್ದುಸ್‌ನ ಮುಂದೆ ಕೈ ಚಾಚಿ ಕಾರ್ಯಾಗಾರದ ಕೀಲಿ ಕೇಳಿದ. ರಜೆಯಲ್ಲಿ ಯಾಕೆ ಬಂದಿದ್ದೆ ಎಂದ. ಕಾರಾ-ತೋರ್ ಬೋರ್ಡುಗಳ ಬೆಸುಗೆ ಮುಗಿಸಲು ಎಂದ ಇಲ್ದುಸ್, ಮುಗಿಸಿದ ಬೋರ್ಡುಗಳನ್ನು ತೋರಿಸಿದ. ಅಲ್ಮಾತಿಯವರ ಜೊತೆ ಮಾತಾಡುತ್ತಿರುವುದು ನಿಜವೇ ಎಂದ ಕುಬಾತ್. ಮಾತಾಡಿದ್ದು ನಿಜ ಎಂದ ಇಲ್ದುಸ್.

ಅಷ್ಟು ಸಾಕಾಯಿತು. ಬೀಗದ ವಿಷಯ ಇತ್ಯರ್ಥವಾಗುವ ತನಕ ಮನೆಯಲ್ಲಿರು ಎಂದ ಕುಬಾತ್. ಇಲ್ದುಸ್ ಕೀಲಿಯನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಮೀರಿಮ್ ಕಡೆಗೆ ತಿರುಗಿದ.

"ನೀನೂ ಹಾಗೇ ಅಂದ್ಕೊಂಡಿದ್ದೀಯಾ?"

ಅವಳು ಮೇಜಿನ ಮೇಲಿನ ಕೀಲಿಯನ್ನೇ ನೋಡಿದಳು. ಅವನು ಕೋಟು ಹಾಕಿಕೊಂಡು ಹೋದ. ಆಮೇಲೆ ಕಾರ್ಯಾಗಾರದಲ್ಲಿ ಯಾರೂ ಯಾರ ಜೊತೆಯೂ ಮಾತಾಡದ ದಿನಗಳು ಶುರುವಾದವು. ಚಹಾದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಬಟ್ಟಲು ತಮ್ಮ ಮೇಜಿಗೇ ಒಯ್ಯುತ್ತಿದ್ದರು. ಮೀರಿಮ್ ಎದ್ದು ಹೊರಗೆ ಹೋದರೆ ಕುಬಾತ್‌ನ ಕಣ್ಣು ಬೆನ್ನಿಗೆ ಅಂಟಿದಂತಾಗುತ್ತಿತ್ತು. ಸಂಜೆ ಮನೆಗೆ ಹೊರಡುವಾಗ ಅವಳು ತನ್ನ ಕಂಪ್ಯೂಟರಿನ ಮೇಲೆ ಸಣ್ಣದೊಂದು ದಾರದ ಎಳೆ ಇಟ್ಟು ಹೋಗುವುದನ್ನು ರೂಢಿ ಮಾಡಿಕೊಂಡಳು. ಬೆಳಿಗ್ಗೆ ಅದು ಅಲ್ಲೇ ಇರುತ್ತಿತ್ತು. ಇದ್ದರೂ ಸಮಾಧಾನವಾಗುತ್ತಿರಲಿಲ್ಲ. ಮತ್ತೆ ಇಟ್ಟಿರಬಹುದಲ್ಲ ಎನ್ನಿಸುತ್ತಿತ್ತು.

ಈ ನಡುವೆ ಸೋನುನ್ ಅಕ್ಕ ಇಲ್ದುಸ್ ಬೆಸುಗೆ ಹಾಕಿಟ್ಟಿದ್ದ ಬೋರ್ಡುಗಳಿಗೆ ಕಾರ್ಯಾಗಾರದ ಕಂಪ್ಯೂಟರಿನಿಂದ ಪ್ರೋಗ್ರಾಮ್ ತುಂಬಿ ಮುಗಿಸಿದಳು. ಅದು ಅವಳ ನಿತ್ಯದ ಕೆಲಸ. ಬೋರ್ಡು ಸಿಕ್ಕಿಸುವುದು, ಗುಂಡಿ ಒತ್ತುವುದು, ದೀಪ ಮಿನುಗಿದರೆ ಪಕ್ಕಕ್ಕಿಡುವುದು. ದೀಪ ಎಲ್ಲದರಲ್ಲೂ ಮಿನುಗಿತು. ಮೀರಿಮ್ ಚಳಿಯ ದೋಷ ಹುಡುಕಲೆಂದು ಅವುಗಳಲ್ಲಿ ಒಂದನ್ನು ಶೀತಪೆಟ್ಟಿಗೆಯಲ್ಲಿಟ್ಟು ಡೀಬಗರ್ ಸಿಕ್ಕಿಸಿದಳು. ಸಾಧನ ಸಿಗಲಿಲ್ಲ. ಇನ್ನೊಂದನ್ನು ನೋಡಿದಳು. ಅದೂ ಸಿಗಲಿಲ್ಲ. ಒಂದಾದ ಮೇಲೊಂದು ಎಲ್ಲವನ್ನೂ ಸಿಕ್ಕಿಸಿ ನೋಡಿ, ಕೊನೆಗೆ ಬೋರ್ಡುಗಳ ನಡುವೆ ಕೈಚೆಲ್ಲಿ ಕೂತಳು. ಕಾರಾ-ತೋರ್‌ನ ಬೋರ್ಡುಗಳೆಲ್ಲ ಚಿಲಕ ಹಾಕಿಕೊಂಡಿದ್ದವು.

ಇಲ್ದುಸ್ ಈಗ ಇರಲಿಲ್ಲ. ಹಾಗಿದ್ದರೆ ಹೋಗುವ ಮುನ್ನ ಏನನ್ನೋ ಬಿಟ್ಟು ಹೋಗಿದ್ದಾನೆ ಎಂದೇ ಅವಳ ಮನಸ್ಸು ಲೆಕ್ಕ ಹಾಕಿತು. ಪ್ರೋಗ್ರಾಮೇ ತುಂಬದ ಎರಡು ಹೊಸ ಬೋರ್ಡುಗಳನ್ನು ತೆಗೆದುಕೊಂಡಳು. ಎರಡಕ್ಕೂ ಡೀಬಗರ್ ಸಿಕ್ಕಿಸಿದಳು. ಎರಡೂ ಒಡನೆಯೇ ಓಗೊಟ್ಟವು. ಒಂದಕ್ಕೆ ತನ್ನ ಕಂಪ್ಯೂಟರಿನಿಂದಲೇ ಪ್ರೋಗ್ರಾಮ್ ತುಂಬಿದಳು. ತುಂಬಿದ ಮೇಲೂ ಅದು ಮಾತಾಡಿತು. ಇನ್ನೊಂದನ್ನು ಸೋನುನ್ ಅಕ್ಕನ ಮೇಜಿಗೆ ಒಯ್ದು, ಅದೇ ಪ್ರೋಗ್ರಾಮನ್ನು ಕಾರ್ಯಾಗಾರದ ಕಂಪ್ಯೂಟರಿನಿಂದ ತುಂಬಿಸಿದಳು. ಮತ್ತೆ ಡೀಬಗರ್ ಸಿಕ್ಕಿಸಿದರೆ ಉತ್ತರವಿಲ್ಲ. ಅವಳ ಕಣ್ಣೆದುರೇ, ಚಹಾ ಆರುವಷ್ಟರಲ್ಲಿ, ಒಳ್ಳೆಯ ಬೋರ್ಡೊಂದು ಮಾತು ಬಿಟ್ಟಿತ್ತು.

"ನಾನೇನೂ ಮಾಡ್ಲಿಲ್ಲಮ್ಮಾ," ಎಂದಳು ಸೋನುನ್ ಎರಡೂ ಕೈ ಎತ್ತಿ. "ನೀನೇ ನೋಡ್ದೆಯಲ್ಲ, ಒಂದು ಗುಂಡಿ ಒತ್ತಿದೆ ಅಷ್ಟೇ."

ತಪ್ಪು ಆ ಕಂಪ್ಯೂಟರಿನ ತುಂಬುವ ಕ್ರಮದಲ್ಲೇ ಇತ್ತು. ಬಿಚ್ಚಿ ನೋಡಿದರೆ, ಪ್ರೋಗ್ರಾಮ್ ತುಂಬಿದ ಮೇಲೆ ಚಿಪ್‌ಗೆ ಬೀಗ ಹಾಕು ಎಂಬ ಆಜ್ಞೆಯನ್ನು ಯಾರೋ ಕೊನೆಯಲ್ಲಿ ಸೇರಿಸಿದ್ದರು. ಬೀಗದಲ್ಲಿ ದರ್ಜೆಗಳಿವೆ. ಕೆಳಗಿನ ದರ್ಜೆಯದನ್ನು ಒಳಗಿರುವುದನ್ನೆಲ್ಲ ಅಳಿಸಿ ತೆಗೆಯಬಹುದು. ಇಲ್ಲಿ ಹಾಕಿದ್ದು ಎಲ್ಲಕ್ಕಿಂತ ಮೇಲಿನದು. ಚಿಪ್‌ನ ಕೈಪಿಡಿಯ ಆ ಪುಟವನ್ನು ಮೀರಿಮ್ ಮತ್ತೆ ಮತ್ತೆ ಓದಿದಳು. ಒಮ್ಮೆ ಬಿದ್ದರೆ ಬಿತ್ತು, ಚಿಪ್ ಮಾಡಿದವರೂ ಅದನ್ನು ತೆಗೆಯಲಾರರು.

ಅವಳಿಗೆ ಒಳಗೊಳಗೇ ಹಗುರವಾಯಿತು. ಕೊನೆಗೂ ಕೈಗೆ ಸಾಕ್ಷಿ ಸಿಕ್ಕಿತು, ತಾನು ಸುಮ್ಮಸುಮ್ಮನೆ ಯಾರನ್ನೂ ಅನುಮಾನಿಸಿರಲಿಲ್ಲ ಎನ್ನಿಸಿತು. ಅದೇ ಹುರುಪಿನಲ್ಲಿ ಕುಬಾತ್‌ನ ಕೋಣೆಗೆ ಹೋಗಿ, ಇಲ್ದುಸ್ ಮಾಡಿಟ್ಟು ಹೋದ ಕೆಲಸ ನೋಡಿ ಅಣ್ಣ ಎಂದು ಎಲ್ಲವನ್ನೂ ಹೇಳಿದಳು. ಕುಬಾತ್ ತಲೆಯಾಡಿಸುತ್ತ ಕೇಳುತ್ತಿದ್ದ. ಬೀಗವನ್ನು ತೆಗೆಯಲು ಬರುವುದೇ ಇಲ್ಲ ಎಂಬ ಮಾತಿಗೆ ಅವನ ತಲೆ ನಿಂತಿತು.

"ಬರೋದೇ ಇಲ್ಲ ಅಂದ್ರೆ? ಬೇಕಾದಾಗ ತೆಗೀಬಹುದು ಅಂದಿದ್ನಲ್ಲ ಅವನು."

"ಯಾರು?"

ಕುಬಾತ್ ಕಿಟಕಿಯ ಕಡೆ ನೋಡಿದ. ಬೀದಿಯಲ್ಲಿ ಟ್ರಾಲಿ ಬಸ್ಸೊಂದು ನಿಂತು, ಜನರನ್ನು ಇಳಿಸಿ, ಹೊರಟು ಹೋಯಿತು.

"ಅವನು ಅಂದ್ರೆ ಯಾರು, ಕುಬಾತ್ ಅಣ್ಣ?"

ಆಗ ಅವನು ಹೇಳಿದ, ಅವಳನ್ನು ನೋಡದೆಯೇ. ಪ್ರದರ್ಶನದಿಂದ ಬಂದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಯಾರೋ ಒಳಗಿನವರೇ ಪ್ರೋಗ್ರಾಮನ್ನು ಹೊರಗೆ ಸಾಗಿಸುತ್ತಿದ್ದಾರೆ ಎನ್ನಿಸುತ್ತಿತ್ತು. ತೊಕ್ಮೊಕ್‌ನಲ್ಲಿರುವ ತಂಗಿಯ ಗಂಡನಿಗೆ ಕಂಪ್ಯೂಟರ್ ಗೊತ್ತು. ರಜೆಯಲ್ಲಿ ಅವನನ್ನು ಕರೆತಂದು ಬೀಗ ಹಾಕಿಸಿದೆ. ಸರಿಯಾಗಿ ಬಿದ್ದಿದೆಯೇ ಎಂದು ನೋಡಿದ್ದು ನಿನ್ನ ಬೋರ್ಡಿನ ಮೇಲೆ. ದೀಪ ಮಿನುಗಿತು, ಎಲ್ಲ ಸರಿಯಿದೆ ಅಂದುಕೊಂಡೆವು.

"ಎಂಥಾ ಬೀಗ ಹಾಕ್ಲಿ ಅಂತ ಕೇಳ್ದ. ಎಲ್ಲಕ್ಕಿಂತ ಗಟ್ಟಿಯಾದ್ದು ಹಾಕು ಅಂದೆ."

"ನನ್ನ ಬೋರ್ಡು ಕೆಟ್ಟಿದೆ ಅಂದ ದಿನಾನೇ ನಿಮಗೆ ಗೊತ್ತಾಗ್ಲಿಲ್ವಾ?"

"ಅನುಮಾನ ಬಂತು." ಕುಬಾತ್ ಕೆನ್ನೆ ಉಜ್ಜಿಕೊಂಡ. "ಆಮೇಲೆ ನೀನು ಇಲ್ದುಸ್ ಬಂದಿದ್ದ ಅಂದೆ. ಅಲ್ಮಾತಿಯವರ ಜೊತೆ ಮಾತಾಡಿದೀನಿ ಅಂತ ಅವನೂ ಒಪ್ಪಿಕೊಂಡ. ಇದಲ್ಲದಿದ್ರೆ ಇನ್ನೇನೋ ಮಾಡೇ ಇರ್ತಾನೆ ಅನ್ನಿಸ್ತು."

ಮೀರಿಮ್ ಬಾಗಿಲು ದಡಾರನೆ ಹಾಕಲಿಲ್ಲ, ಕೂಗಾಡಲೂ ಇಲ್ಲ. ಕೆಳಗಿಳಿದು ಒಮುರ್‌ಬೆಕ್ ತಾತನನ್ನು ಮತ್ತೊಮ್ಮೆ ಕೇಳಿದಳು, ರಜೆಯಲ್ಲಿ ಬಂದವರು ಇಲ್ದುಸ್ ಒಬ್ಬನೇ ಹೌದೇ ಎಂದು. ತಾತ ಅವಳನ್ನು ವಿಚಿತ್ರವಾಗಿ ನೋಡಿದ. ಕುಬಾತ್ ಬಂದಿದ್ದರು, ಜೊತೆಗೊಬ್ಬರು ನೆಂಟರಿದ್ದರು ಎಂದ. ಅವತ್ತೇ ಯಾಕೆ ಹೇಳಲಿಲ್ಲ ಎಂದರೆ, ಯಜಮಾನ ತನ್ನ ಕಾರ್ಯಾಗಾರಕ್ಕೆ ತಾನು ಬಂದರೆ ಅದೊಂದು ಸುದ್ದಿಯೇ ಎಂದ.

ಅವಳು ಅಲ್ಲಿಂದ ನೇರವಾಗಿ ಇಲ್ದುಸ್‌ನ ಮನೆಗೆ ಹೋದಳು. ಎರಡು ಮಿನಿಬಸ್ಸು ಬದಲಿಸಬೇಕು. ದಾರಿಯುದ್ದಕ್ಕೂ ಹೇಗೆ ಶುರು ಮಾಡುವುದೆಂದು ಯೋಚಿಸಿದರೂ ಒಂದು ಮಾತೂ ಕೂಡಿಬರಲಿಲ್ಲ. ಬಾಗಿಲು ತೆರೆದದ್ದು ಅವನ ಅಮ್ಮ. ಮಗ ಕೆಲಸಕ್ಕೆ ಹೋಗದಿರುವ ಕಾರಣ ಆಕೆಗೆ ತಿಳಿದಿತ್ತೋ ಇಲ್ಲವೋ, ಆಲೂಗಡ್ಡೆ ಮಾಂಸ ತುಂಬಿದ ಮುಮ್ಮೂಲೆ ರೊಟ್ಟಿಗಳನ್ನು ತಂದು ಅವಳ ಮುಂದಿಟ್ಟು ಒಳಗೆ ಹೋದಳು. ಇಲ್ದುಸ್ ಬಾಲ್ಕನಿಯಲ್ಲಿ ಪಕ್ಕದ ಮನೆಯವರ ಇಸ್ತ್ರಿ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಮೀರಿಮ್ ನಡೆದದ್ದನ್ನೆಲ್ಲ ಹೇಳಿದಳು. ಕುಬಾತ್‌ನದಷ್ಟೇ ಅಲ್ಲ, ಕಾವಲುಗಾರನ ಮಾತನ್ನು ಅವನಿಗೆ ಮುಟ್ಟಿಸಿದವಳು ತಾನೇ ಎಂಬುದನ್ನೂ ಹೇಳಿದಳು. ಅವನು ತಿರುಪು ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ನನ್ನ ಡ್ರಾಯರ್ ತೆಗ್ದು ನೋಡಿದ್ದೆ ಅಲ್ವಾ?"

"ಸೋನುನ್ ಅಕ್ಕ ಹೇಳಿದ್ರಾ?"

"ಯಾರೂ ಹೇಳ್ಲಿಲ್ಲ. ಡ್ರಾಯರ್ ಕೊನೇವರೆಗೂ ಮುಚ್ಚೋದು ನಿನಗೆ ಯಾವತ್ತೂ ಬರಲ್ಲ. ಏನ್ ಸಿಕ್ತು?"

"ಬೆಸುಗೆ ಮೊನೆ. ಕುರುತ್."

"ಕುರುತ್ ತಿಂದ್ಯಾ?"

"ಇಲ್ಲ."

"ತಿಂದಿದ್ರೆ ಬಂದಿದ್ದಕ್ಕೆ ಲಾಭನಾದ್ರೂ ಆಗ್ತಿತ್ತು."

ಅವಳಿಗೆ ನಗು ಬರಲಿಲ್ಲ. ಅವನಿಗೂ ಬರಲಿಲ್ಲ. ಬೀಗದ ಮಾತು ಅಷ್ಟು ಬೇಗ ಹೇಗೆ ಹೊಳೆಯಿತು ಎಂದು ಅವಳು ಈಗಲಾದರೂ ಕೇಳಿದಳು. ಅಲ್ಮಾತಿಯಲ್ಲಿ ಎಲ್ಲ ಚಿಪ್‌ಗಳಿಗೂ ಬೀಗ ಹಾಕುತ್ತಿದ್ದೆವು, ಎಷ್ಟೋ ಸಲ ನಮ್ಮ ಬೀಗಕ್ಕೆ ನಾವೇ ಸಿಕ್ಕಿಬೀಳುತ್ತಿದ್ದೆವು ಎಂದ. ಫೋನ್ ಮಾಡುತ್ತಿದ್ದವರು ಅವರೇ. ವಾಪಸು ಬಾ ಎಂದು ಕರೆಯುತ್ತಿದ್ದರು. ಇವನು ಬರುವುದಿಲ್ಲ ಎನ್ನುತ್ತಲೇ ಬಂದಿದ್ದ.

"ಅದನ್ನ ಅವತ್ತೇ ಹೇಳ್ಬಹುದಿತ್ತಲ್ಲ."

"ಮಾತಾಡಿದ್ಯಾ ಅಂತ ಕೇಳ್ದ, ಹೌದು ಅಂದೆ. ಏನ್ ಮಾತಾಡಿದೆ ಅಂತ ಅವನು ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ." ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. "ನಿನ್ನೆ ಅವರಿಗೆ ಬರ್ತೀನಿ ಅಂತ ಹೇಳ್ಬಿಟ್ಟೆ."

ಕೆಳಗೆ ಅಂಗಳದಲ್ಲಿ ಯಾರೋ ಕಂಬಳಿ ಬಡಿಯುತ್ತಿದ್ದರು. ಮೀರಿಮ್ ಹೇಳಬೇಕೆಂದುಕೊಂಡದ್ದೆಲ್ಲ ಮುಗಿದುಹೋಗಿತ್ತು. ಎದ್ದು ನಿಂತಾಗ ಅವನು ಕೇಳಿದ, ಕಾರಾ-ತೋರ್ ಬೋರ್ಡುಗಳನ್ನು ಏನು ಮಾಡುತ್ತೀರಿ ಎಂದು. ಬೀಗ ಬಿದ್ದ ಚಿಪ್‌ಗಳನ್ನು ಕಿತ್ತು ಹೊಸದನ್ನು ಕೂರಿಸಬೇಕು, ಕಪಾಟಿನಲ್ಲಿ ಚಿಪ್‌ಗಳಿವೆ, ನಾನೇ ಹಾಕುತ್ತೇನೆ ಎಂದಳು.

"ನೀನು ಹಾಕಿದ್ರೆ ಚಿಪ್ ಜೊತೆ ಬೋರ್ಡನ್ನೂ ಸುಡ್ತೀಯ. ನಾಳೆ ಬರ್ತೀನಿ. ಅವನು ನನ್ನ ಜೊತೆ ಮಾತಾಡೋದು ಬೇಡ."

ಮರುದಿನ ಅವನು ಬಂದ. ಕುಬಾತ್ ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದ, ನಿಜಕ್ಕೂ ಕುಗ್ಗಿದ ದನಿಯಲ್ಲಿಯೇ. ಇಲ್ದುಸ್ ಸರಿ ಎಂಬಂತೆ ತಲೆಯಾಡಿಸಿ ತನ್ನ ಮೇಜಿಗೆ ಹೋಗಿ ಬಿಸಿಗಾಳಿಯ ಕೊಳವೆ ಹಚ್ಚಿದ. ಒಂದೊಂದೇ ಚಿಪ್ ಸಡಿಲಿಸಿ, ಚಿಮುಟದಿಂದ ಎತ್ತಿ, ಜಾಗ ಒರೆಸಿ, ಹೊಸದನ್ನು ಕೂರಿಸಿದ. ಮೀರಿಮ್ ಪಕ್ಕದಲ್ಲಿ ಕೂತು ಕೂರಿಸಿದ್ದಕ್ಕೆ ಡೀಬಗರ್ ಸಿಕ್ಕಿಸುತ್ತ ಹೋದಳು. ಪ್ರತಿಯೊಂದೂ ಓಗೊಟ್ಟಿತು. ಸೋನುನ್ ಅಕ್ಕ ಊಟಕ್ಕೆ ಲಗ್ಮಾನ್ ಶಾವಿಗೆ ಮಾಡಿ ತಂದಿದ್ದಳು. ಇಲ್ದುಸ್ ತನ್ನ ಬಟ್ಟಲನ್ನು ಕಿಟಕಿಯ ಕಟ್ಟೆಗೆ ಒಯ್ದು ಒಬ್ಬನೇ ತಿಂದ. ಕುಬಾತ್ ಕೋಣೆಯಿಂದ ಹೊರಗೆ ಬರಲಿಲ್ಲ. ಆ ವಾರವೆಲ್ಲ ಹಾಗೇ ನಡೆಯಿತು. ಕೊನೆಯ ಚಿಪ್ ಕೂರಿಸಿದ ಮೇಲೆ ಇಲ್ದುಸ್ ತನ್ನ ಬೆಸುಗೆ ಮೊನೆಗಳನ್ನು ಚೀಲಕ್ಕೆ ಹಾಕಿಕೊಂಡು, ಸೋನುನ್ ಅಕ್ಕನ ಕೈ ಹಿಡಿದು ವಿದಾಯ ಹೇಳಿ ಹೊರಟುಹೋದ. ಮೀರಿಮ್ ಮೆಟ್ಟಿಲವರೆಗೆ ಹೋದಳು. ಚಳಿಯ ದೋಷ ನಿದ್ದೆಯಿಂದ ಏಳುವ ಗಡಿಯಾರದಲ್ಲಿರಬಹುದು, ಅಲ್ಲಿ ನೋಡು ಎಂದ.

ದೋಷ ಅಲ್ಲೇ ಇತ್ತು. ಬಾಗಿಲು ತೆರೆದ ಮೇಲೆ ಅದನ್ನು ಹುಡುಕಿ ತಿದ್ದುವುದು ಕಷ್ಟವಾಗಲಿಲ್ಲ.

ಬೋರ್ಡುಗಳನ್ನು ಡಬ್ಬಿಗೆ ಹಾಕುವ ದಿನ ಕುಬಾತ್ ಮೀರಿಮ್‌ಳ ಮೇಜಿನ ಹತ್ತಿರ ಬಂದು ನಿಂತ. ಏನನ್ನೋ ಕೇಳಬೇಕು ಎನ್ನುವಂತೆ ಒಂದು ಬೋರ್ಡನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಚಿಪ್ ಎಲ್ಲ ಅವನೇ ಕೂರಿಸಿದ್ದು. ಹೋಗೋ ಮನುಷ್ಯ ಬೇರೆ. ಒಳಗೆ ಏನಾದ್ರೂ..."

ಮೀರಿಮ್ ಎದ್ದು ತನ್ನ ಕುರ್ಚಿಯನ್ನು ಅವನಿಗೆ ಬಿಟ್ಟಳು. ಡೀಬಗರನ್ನು ಅವನ ಮುಂದೆ ಸರಿಸಿದಳು.

"ಈಗ ಬೀಗ ಇಲ್ಲ. ನೀವೇ ನೋಡ್ಕೊಳ್ಳಿ."

ಅವನು ನಿಜವಾಗಿಯೂ ಕೂತು ನೋಡಿದ. ಒಂದೊಂದೇ ಬೋರ್ಡನ್ನು ಸಿಕ್ಕಿಸಿ, ತನಗೆ ಪೂರ್ತಿ ಅರ್ಥವಾಗದ ಸಾಲುಗಳ ಮೇಲೆ ಕಣ್ಣಾಡಿಸುತ್ತ, ಸಂಜೆಯವರೆಗೂ ನೋಡಿದ. ಏನೂ ಸಿಗಲಿಲ್ಲ ಎಂದು ಕೊನೆಗೆ ಹೇಳುವಾಗ ಅವನ ದನಿಯಲ್ಲಿ ನೆಮ್ಮದಿ ಇರಲಿಲ್ಲ. ಮೀರಿಮ್ ಅವನನ್ನು ಹೀಯಾಳಿಸಲು ಹೋಗಲಿಲ್ಲ. ಅದರ ಹಿಂದಿನ ದಿನವೇ ಅವಳೂ ಎಲ್ಲ ಬೋರ್ಡುಗಳನ್ನೂ ಪರೀಕ್ಷಿಸಿದ್ದಳು. ಸಾಧನ ಹೊರಗೆ ಹೋಗುವ ಮುನ್ನ ಪರೀಕ್ಷಿಸುವುದು ಕಾರ್ಯಾಗಾರದ ಕ್ರಮ. ಆದರೆ ಇಲ್ದುಸ್ ಬೆಸುಗೆ ಹಾಕಿದ್ದನ್ನು ಅವಳು ಯಾವತ್ತೂ ಎರಡೆರಡು ಸಲ ನೋಡಿದವಳಲ್ಲ. ಈ ಸಲ ನೋಡಿದ್ದಳು.

ಜೂನ್ ಶುರುವಿನಲ್ಲಿ ಕಾರಾ-ತೋರ್‌ನ ಕುರಿಗಾಹಿಗಳು ಡಬ್ಬಿಗಳನ್ನು ಕುದುರೆಯ ಮೇಲೆ ಹೇರಿ ಕೆರೆಗೆ ಒಯ್ದರು. ಮೀರಿಮ್ ಜೊತೆಗೆ ಹೋದಳು. ದಂಡೆಯಲ್ಲಿ ಇನ್ನೂ ಹಿಮವಿತ್ತು, ಬಂಡೆಗಳಿಗೆ ಬೋಲ್ಟು ಹೊಡೆಯುವಾಗ ಬೆರಳು ಮರಗಟ್ಟುತ್ತಿದ್ದವು. ಕೆಳಗಿಳಿದು ಬಂದ ಮೇಲೆ ಸಾಧನಗಳ ಸಂದೇಶಗಳು ತಪ್ಪದೆ ಬರತೊಡಗಿದವು. ನೀರ್ಗಲ್ಲು ಕಟ್ಟುವ ಚಳಿಯಲ್ಲೂ ಅವು ಎದ್ದು ಅಳೆದಿದ್ದವು. ಅವಳು ಇಲ್ದುಸ್‌ಗೆ ಫೋನ್ ಮಾಡಿದಳು. ಅಲ್ಮಾತಿಯ ಹೊಸ ಕೆಲಸದಲ್ಲಿದ್ದ ಅವನು ಪಕ್ಕದಲ್ಲಿ ಯಾರೋ ಇದ್ದಾರೆ ಎನ್ನುವಂತೆ ತಗ್ಗಿದ ದನಿಯಲ್ಲಿ ಮಾತಾಡಿದ.

"ಏಳ್ತಾ ಇದಾವಾ?"

"ಎಲ್ಲಾ ಏಳ್ತಾ ಇದಾವೆ."

ಒಳ್ಳೆಯದಾಯಿತು ಎಂದ. ಆಮೇಲೆ, ಇಲ್ಲಿ ನಿಮ್ಮ ಊರಿನಿಂದ ಫೋನ್ ಬಂದರೆ ಎಲ್ಲರೂ ತಿರುಗಿ ನೋಡುತ್ತಾರೆ, ಇನ್ನು ಮೇಲೆ ಮನೆಯ ನಂಬರಿಗೆ ಮಾಡು ಎಂದು ಹೇಳಿ ಇಟ್ಟುಬಿಟ್ಟ.